ಬೇಸಿಗೆಯಲ್ಲಿ ಬೈಕ್ ಇಂಜಿನ್ ಹೀಟ್ ಆಗದಂತೆ ನೋಡಿಕೊಳ್ಳುವ ಬಗೆ

ಶಿವರಾತ್ರಿ ಕಳೆದರೆ ಸಾಕು, ನಮ್ಮ ಕಲಬುರಗಿಯಲ್ಲಿ ಬಿಸಿಲು ಏರಲು ಶುರು. ಮೇ ತಿಂಗಳಲ್ಲಿ 42, 43 ಡಿಗ್ರಿ ಎಂದರೆ ಇಲ್ಲಿ ಯಾರಿಗೂ ಅಚ್ಚರಿ ಇಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬೈಕ್ ಮಾತ್ರ ದಿನವಿಡೀ ಓಡಬೇಕು.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಮಧ್ಯಾಹ್ನ ಜೇವರ್ಗಿ ದಾಟಿ ಸಿಂದಗಿ ಕಡೆ ಹೊರಟಿದ್ದೆ. ಹಿಂದೆ ಹೆಂಡತಿ ಕೂತಿದ್ದಳು. ನನ್ನ 100 ಸಿಸಿ ಬೈಕ್ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಟ್ಟಿತು. ಎಕ್ಸಲರೇಟರ್ ತಿರುವಿದಷ್ಟೂ ಇಂಜಿನ್ ಕುಗ್ಗುತ್ತಾ ಹೋಯಿತು. ಕೊನೆಗೆ ಹಿಂದಿನ ಚಕ್ರ ಕಿರ್ರೆಂದು ಹಿಡಿದುಕೊಂಡಿತು. ಬೀಳಲಿಲ್ಲ, ಅದೇ ಪುಣ್ಯ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಜೇವರ್ಗಿಗೆ ವಾಪಸ್ ಬಂದೆವು. ಮೆಕ್ಯಾನಿಕ್ ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿದ. ಡಬ್ಬಿಗೆ ಬಿದ್ದಷ್ಟನ್ನು ನೋಡಿ, "ಸರ, ಇದ್ರಾಗ ಆಯಿಲ್ ಎಲ್ಲದ ರೀ?" ಎಂದ. ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಜಾಮ್ ಆಗಿತ್ತು. ಸಿಲಿಂಡರ್ ಬೋರ್ ಮಾಡಿಸಿ, ಅಂದರೆ ಒಳಮೈ ಕೊರೆಸಿ, ಹೊಸ ಪಿಸ್ಟನ್ ಹಾಕಿಸಬೇಕಾಯಿತು. ದಾರಿಯುದ್ದಕ್ಕೂ ನಾನು ಬಿಸಿಲನ್ನು ಬೈದಿದ್ದೆ. ಬಿಸಿಲಿನದು ಅದರಲ್ಲಿ ಸಣ್ಣ ಪಾಲು ಎಂದು ಆಮೇಲೆ ತಿಳಿಯಿತು.

ಒಂದು ಲೆಕ್ಕ ನೋಡಿ. ಸಿಲಿಂಡರ್ ಒಳಗೆ ಪೆಟ್ರೋಲ್ ಉರಿಯುವಾಗ ಆ ಗ್ಯಾಸಿನ ಬಿಸಿ 2000 ಡಿಗ್ರಿ ದಾಟುತ್ತದೆ. ಪಿಸ್ಟನ್ ಮಾಡಿರುವ ಅಲ್ಯೂಮಿನಿಯಂ ಮಿಶ್ರಲೋಹ 660 ಡಿಗ್ರಿಗೂ ಮುಂಚೆಯೇ ಕರಗುತ್ತದೆ. ಆದರೂ ಪಿಸ್ಟನ್ ಕರಗುವುದಿಲ್ಲ, ಯಾಕೆಂದರೆ ಗಾಳಿ ಮತ್ತು ಆಯಿಲ್ ಆ ಬಿಸಿಯನ್ನು ಕ್ಷಣಕ್ಷಣಕ್ಕೂ ಹೊರಗೆ ಒಯ್ಯುತ್ತಿರುತ್ತವೆ. ಈಗ ಇಂಜಿನ್ ಹೆಡ್, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳದಂಥ ಭಾಗ, 180 ಡಿಗ್ರಿ ಇದೆ ಎಂದುಕೊಳ್ಳಿ. ಹೊರಗೆ 30 ಡಿಗ್ರಿ ಇದ್ದರೆ ಎರಡಕ್ಕೂ ನಡುವೆ 150 ಡಿಗ್ರಿ ಅಂತರ. ಹೊರಗೆ 42 ಇದ್ದರೆ 138. ಬಿಸಿ ಹೊರಹೋಗುವುದು ಈ ಅಂತರದ ಮೇಲೆ ನಿಂತಿದೆ. ಅಂದರೆ ಬೇಸಿಗೆ ಕಿತ್ತುಕೊಳ್ಳುವುದು ನೂರಕ್ಕೆ ಎಂಟರಷ್ಟು ಮಾತ್ರ! ಸರಿಯಾಗಿರುವ ಇಂಜಿನ್ ಅಷ್ಟನ್ನು ತಡೆದುಕೊಳ್ಳುತ್ತದೆ. ಮೊದಲೇ ಆಯಿಲ್ ಕಡಿಮೆ ಇದ್ದು, ಮೈಗೆ ಮಣ್ಣು ಮೆತ್ತಿಕೊಂಡು, ಪೆಟ್ರೋಲ್ ಮತ್ತು ಗಾಳಿಯ ಮಿಕ್ಸ್ಚರ್ ಕೆಟ್ಟು ಹೇಗೋ ಓಡುತ್ತಿದ್ದ ಇಂಜಿನ್ ತಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ಅಡಗಿ ಕೂತಿದ್ದ ತೊಂದರೆಯೇ ಏಪ್ರಿಲ್‌ನಲ್ಲಿ ಎದ್ದು ಬರುತ್ತದೆ.

ಹಾಗಾಗಿ ಕೆಲಸವನ್ನು ಯುಗಾದಿಗೆ ಮುಂಚೆಯೇ ಶುರು ಮಾಡಿ. ಆಯುಧ ಪೂಜೆಗೆ ಗಾಡಿ ತೊಳೆದು ಕುಂಕುಮ ಹಚ್ಚುತ್ತೇವಲ್ವಾ, ಹಾಗೆಯೇ ಬೇಸಿಗೆಗೂ ಒಂದು ಬೆಳಗು ಕೊಡಿ.

ಹಂತ 1: ಫಿನ್‌ಗಳನ್ನು ತೊಳೆಯಿರಿ

ಏರ್ ಕೂಲ್ಡ್, ಅಂದರೆ ಗಾಳಿಯಿಂದ ತಣ್ಣಗಾಗುವ ಇಂಜಿನ್ನಿನ ಸಿಲಿಂಡರ್ ಸುತ್ತ ಪದರ ಪದರವಾಗಿ ಹೊರಗೆ ಚಾಚಿಕೊಂಡಿರುವುದೇ ಫಿನ್‌ಗಳು. ಗಾಳಿ ತಾಗುವ ಜಾಗ ಹೆಚ್ಚಲಿ ಎಂದೇ ಅವನ್ನು ಹಾಗೆ ಮಾಡಿರುತ್ತಾರೆ. ನಮ್ಮ ಕಡೆಯ ಎರೆ ಮಣ್ಣು ಒಮ್ಮೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದಾಗ ಅಂಟಿದ್ದು ಫಿನ್‌ಗಳ ಸಂದಿಯಲ್ಲಿ ಒಣಗಿ ಕಲ್ಲಾಗಿರುತ್ತದೆ. ಮುಂದಿನ ಚಕ್ರ ಎರಚುವ ಕೆಸರೆಲ್ಲ ನೇರ ಅಲ್ಲಿಗೇ ಹೋಗುತ್ತದೆ. ಇಂಜಿನ್‌ಗೆ ಕಂಬಳಿ ಹೊದಿಸಿದ ಹಾಗೆ.

ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ ತೊಳೆಯಿರಿ. ಮೊದಲು ನೀರು ಹಾಕಿ 10 ನಿಮಿಷ ನೆನೆಯಲು ಬಿಡಿ. ಹಳೇ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಒಂದೊಂದೇ ಸಂದಿ ಉಜ್ಜಿ. ಸ್ಪಾರ್ಕ್ ಪ್ಲಗ್ಗಿನ ಸುತ್ತಲಿನ ಜಾಗ ಮರೆಯಬೇಡಿ, ಹೆಚ್ಚು ಬಿಸಿ ಇರುವುದು ಅಲ್ಲೇ. ಆಯಿಲ್ ಜಿಡ್ಡಿದ್ದರೆ ಬ್ರಷ್‌ಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಿನ ನೀರಿನಿಂದ ತೊಳೆದುಬಿಡಿ. ವಾಟರ್ ಸರ್ವಿಸ್‌ಗೆ ಕೊಟ್ಟರೆ ಕೊನೆಗೆ ಹೊಳಪು ಬರಲಿ ಎಂದು ಡೀಸೆಲ್ ಹೊಡೆಯುತ್ತಾರೆ. ಬೇಡ ಎಂದು ಮೊದಲೇ ಹೇಳಿ. ಆ ಜಿಡ್ಡಿಗೆ ಎರಡೇ ದಿನದಲ್ಲಿ ಹೊಸ ಧೂಳು ಹತ್ತುತ್ತದೆ.

ಇಂಜಿನ್ ಮುಂದೆ ಏನು ಅಡ್ಡ ಇದೆ ಎಂದೂ ನೋಡಿ. ಲೆಗ್ ಗಾರ್ಡ್‌ಗೆ ಕಟ್ಟಿದ ಚೀಲ, ಅಂಗಡಿ ಹೆಸರಿನ ಬೋರ್ಡ್, ಮಳೆಗಾಲಕ್ಕೆ ಹಾಕಿಸಿದ ರಬ್ಬರ್ ಶೀಟು, ಇವೆಲ್ಲ ಗಾಳಿ ತಡೆಯುತ್ತವೆ. ಬೇಸಿಗೆ ಮುಗಿಯುವವರೆಗೆ ತೆಗೆದಿಡಿ. ಮಡ್‌ಗಾರ್ಡ್ ಕೆಳಗಿನ ಚಿಕ್ಕ ಫ್ಲ್ಯಾಪ್ ಇರಲಿ, ಅದು ಕೆಸರು ತಡೆಯಲು ಬೇಕು.

ಹಂತ 2: ಆಯಿಲ್ ನೋಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಪುರುಸೊತ್ತಿದ್ದರೆ, ಇದನ್ನು ಮಾಡಿ.

ಆಯಿಲ್ ಇರುವುದು ಬರೀ ಜಾರಿಕೆಗೆ ಎಂದು ಬಹಳ ಜನ ತಿಳಿದಿದ್ದಾರೆ. ಪಿಸ್ಟನ್ ಅಡಿಯಲ್ಲಿ ಗಾಳಿ ತಲುಪುವುದಿಲ್ಲ. ಅಲ್ಲಿನ ಬಿಸಿಯನ್ನು ಹೊತ್ತು ಕೆಳಗೆ ತರುವುದು ಆಯಿಲ್ಲೇ. 100 ಸಿಸಿ ಬೈಕಿನಲ್ಲಿ ಹಿಡಿಯುವುದು ಸುಮಾರು 1 ಲೀಟರ್. ಅದರಲ್ಲಿ 300 ಎಂಎಲ್ ಕಡಿಮೆಯಾದರೆ ಉಳಿದ 700 ಎಂಎಲ್ಲೇ ಅಷ್ಟೂ ಬಿಸಿ ಹೊರಬೇಕು. ಬೇಗ ಕಾಯುತ್ತದೆ, ನೀರಿನಂತೆ ತೆಳ್ಳಗಾಗುತ್ತದೆ, ಇನ್ನೂ ಬೇಗ ಸುಟ್ಟು ಕಡಿಮೆಯಾಗುತ್ತದೆ. ನನ್ನ ಬೈಕಿಗೆ ಆದದ್ದು ಇದೇ.

ನೋಡುವ ಕ್ರಮ ಹೀಗೆ. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದ ಲೆವೆಲ್ ಸುಳ್ಳು. ಇಂಜಿನ್ ಎರಡು ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಮತ್ತೆ ಮೂರು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡುವ ಕಡ್ಡಿ) ತೆಗೆದು ಬಟ್ಟೆಯಿಂದ ಒರೆಸಿ, ಮತ್ತೆ ಒಳಗೆ ಇಳಿಸಿ ತೆಗೆಯಿರಿ. ಬಹಳಷ್ಟು ಚಿಕ್ಕ ಬೈಕ್‌ಗಳಲ್ಲಿ ನೋಡುವಾಗ ಅದನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ನೆ ಇಳಿಸಿದರೆ ಸಾಕು. ತಿರುಗಿಸಿದರೆ ಕಡ್ಡಿ ಒಳಗೆ ಹೋಗಿ, ಇಲ್ಲದ ಆಯಿಲ್ ಇದ್ದಂತೆ ಕಾಣುತ್ತದೆ. ನಿಮ್ಮ ಬೈಕಿಗೆ ಹೇಗೆ ಎಂದು ಓನರ್ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಕೆಲವು ಬೈಕ್‌ಗಳಲ್ಲಿ ಕಡ್ಡಿ ಬದಲು ಗುಂಡನೆ ಗಾಜಿನ ಕಿಂಡಿ ಇರುತ್ತದೆ. ಅಲ್ಲಿ ಬೈಕ್ ನೆಟ್ಟಗೆ ನಿಂತಿರಬೇಕು, ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು.

ಮೇಲಿನ ಗೆರೆಯನ್ನೂ ದಾಟಿಸಬೇಡಿ. "ಇರಲಿ ಸ್ವಲ್ಪ ಜಾಸ್ತಿ" ಎಂದು ಹಾಕಿದ ಆಯಿಲ್ ಒಳಗೆ ನೊರೆಯಾಗುತ್ತದೆ. ನೊರೆ ಬಿಸಿ ಒಯ್ಯುವುದಿಲ್ಲ.

ಈಗ ಯಾವ ಆಯಿಲ್ ಎಂಬ ಪ್ರಶ್ನೆ. ಡಬ್ಬಿಯ ಮೇಲೆ 10ಡಬ್ಲ್ಯೂ-30 ಎಂದಿದ್ದರೆ ಡಬ್ಲ್ಯೂ ಜೊತೆಗಿನ ಸಂಖ್ಯೆ ಚಳಿಯಲ್ಲಿ ಅದು ಹೇಗೆ ಹರಿಯುತ್ತದೆ ಎಂದು ಹೇಳುತ್ತದೆ. ಎರಡನೆಯದು 100 ಡಿಗ್ರಿಯಲ್ಲಿ ಅದು ಎಷ್ಟು ದಪ್ಪ ಇರುತ್ತದೆ ಎಂಬುದರ ಗುರುತು. ಬೇಸಿಗೆ ಬಂತೆಂದು 10ಡಬ್ಲ್ಯೂ-30 ಬೇಕಾದ ಬೈಕಿಗೆ 20ಡಬ್ಲ್ಯೂ-50 ಹಾಕಿಸುವವರಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಚಿಕ್ಕ ಇಂಜಿನ್ನಿನ ಸಣ್ಣ ದಾರಿಗಳಲ್ಲಿ ದಪ್ಪ ಆಯಿಲ್ ನಿಧಾನಕ್ಕೆ ಹರಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೆಡ್ಡಿಗೆ ತಡವಾಗಿ ತಲುಪುತ್ತದೆ. ರಾಯಲ್ ಎನ್‌ಫೀಲ್ಡ್ 350ಕ್ಕೆ 15ಡಬ್ಲ್ಯೂ-50, ಹೀರೋದ 100 ಸಿಸಿಗೆ 10ಡಬ್ಲ್ಯೂ-30 ಎಂದು ಕಂಪನಿ ಹೇಳಿದ್ದರೆ ಅದಕ್ಕೆ ಕಾರಣವಿದೆ.

ಡಬ್ಬಿಯ ಮೇಲೆ ಜಾಸೋ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ಎಂಬ ಗುರುತು ಇದೆಯಾ ನೋಡಿ. ಗೇರ್ ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು, ಜಾರುವ ಕ್ಲಚ್ ಆಯಿಲ್ಲನ್ನೇ ಕಾಯಿಸುತ್ತದೆ. ಎಂಬಿ ಎಂಬುದು ಗೇರ್ ಇಲ್ಲದ ಸ್ಕೂಟರ್‌ಗಳಿಗೆ. ಸೀಲ್ ಇರುವ ಡಬ್ಬಿಯನ್ನೇ ಕೊಳ್ಳಿ, ನಿಮ್ಮ ಕಣ್ಣೆದುರೇ ಸುರಿಸಿ. ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ಒಂದು ತೂತು ಹಾಕಿ ಎಸೆಯಿರಿ. ಅದರಲ್ಲಿ ಯಾರೂ ಮತ್ತೆ ಹಳೇ ಆಯಿಲ್ ತುಂಬಿ ಮಾರಬಾರದು.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಎಂಬುದಕ್ಕೆ ಮ್ಯಾನ್ಯುಯಲ್ಲೇ ಪ್ರಮಾಣ. ನನ್ನದು ಹಳೇ ಬೈಕ್, ಓಡುವುದು ಧೂಳಿನಲ್ಲಿ, ಹಾಗಾಗಿ ನಾನು 2500 ಕಿಲೋಮೀಟರ್‌ಗೇ ಬದಲಿಸುತ್ತೇನೆ. ಬೇಸಿಗೆಯಲ್ಲಿ ಪ್ರತಿ ಭಾನುವಾರ ಲೆವೆಲ್ ನೋಡುತ್ತೇನೆ. ಐದು ನಿಮಿಷದ ಕೆಲಸ.

ಹಂತ 3: ಮಿಕ್ಸ್ಚರ್, ಫಿಲ್ಟರ್, ಪ್ಲಗ್

"ಮೈಲೇಜ್ ಬರೋ ಹಾಗೆ ಸೆಟ್ ಮಾಡು" ಎಂದು ನಾವು ಮೆಕ್ಯಾನಿಕ್‌ಗೆ ಹೇಳುತ್ತೇವೆ. ಅವನು ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿ ಕೊಡುತ್ತಾನೆ. ಇದಕ್ಕೆ ಲೀನ್ ಮಿಕ್ಸ್ಚರ್ ಎನ್ನುತ್ತಾರೆ. ಬೇಕಾದ್ದಕ್ಕಿಂತ ಕಡಿಮೆ ಪೆಟ್ರೋಲ್ ಸಿಕ್ಕ ಇಂಜಿನ್ ಜಾಸ್ತಿ ಕಾಯುತ್ತದೆ. ಒಳಗೆ ಬಂದ ಪೆಟ್ರೋಲ್ ಆವಿಯಾಗುವಾಗ ಸ್ವಲ್ಪ ತಂಪನ್ನೂ ಕೊಡುತ್ತಿತ್ತು, ಅದೂ ಹೋಗುತ್ತದೆ. ಲೀಟರ್‌ಗೆ ಮೂರು ಕಿಲೋಮೀಟರ್ ಉಳಿಸಲು ಹೋಗಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟುಕೊಳ್ಳಬೇಡಿ.

ಈಗ ಬಂಕ್‌ನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಹಳೇ ಕಾರ್ಬ್ಯುರೇಟರ್ ಬೈಕ್‌ಗಳಲ್ಲಿ ಮೊದಲಿನ ಸೆಟ್ಟಿಂಗ್ ಸ್ವಲ್ಪ ಲೀನ್ ಆಗಿಬಿಡುತ್ತದೆ. ಅದರ ಮೇಲೆ ಮತ್ತೆ ಮೈಲೇಜ್ ಸೆಟ್ಟಿಂಗ್ ಮಾಡಿಸಿದರೆ ಇನ್ನೂ ಕಷ್ಟ. ಏಪ್ರಿಲ್ 2020ರಿಂದ ಬಂದ ಬಿಎಸ್-6 (ಹೊಸ ಹೊಗೆ ನಿಯಮದ) ಬೈಕ್‌ಗಳಲ್ಲಿ ಹೆಚ್ಚಿನವು ಫ್ಯೂಯೆಲ್ ಇಂಜೆಕ್ಷನ್. ಅಲ್ಲಿ ತಿರುಗಿಸಲು ಸ್ಕ್ರೂ ಇರುವುದಿಲ್ಲ, ಇಂಜಿನ್ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಆದರೆ ಸದ್ದು ಚೆನ್ನಾಗಿ ಬರಲಿ ಎಂದು ಹೊರಗಿನ ಸೈಲೆನ್ಸರ್ ಹಾಕಿಸಿದರೆ ಅಲ್ಲೂ ಈ ಲೆಕ್ಕ ತಪ್ಪಬಹುದು.

ಪ್ಲಗ್ ಬಿಚ್ಚಿ ನೋಡಿ, ಅದು ಸುಳ್ಳು ಹೇಳುವುದಿಲ್ಲ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಇಂಜಿನ್ ಸುಖವಾಗಿದೆ. ಸುಣ್ಣದಂತೆ ಬೆಳ್ಳಗಾಗಿ ಸಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ವಿಪರೀತ ಬಿಸಿ ಆಗುತ್ತಿದೆ. ಹಾಗೆ ಕಂಡರೆ ಕಾರ್ಬ್ಯುರೇಟರ್ ಮತ್ತು ಇಂಜಿನ್ ನಡುವಿನ ಮ್ಯಾನಿಫೋಲ್ಡ್ ರಬ್ಬರ್ ಒಡೆದಿದೆಯಾ ನೋಡಿಸಿ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಐಡಲ್‌ನಲ್ಲಿ ಇಂಜಿನ್ ತಾನೇ ಏರಿಳಿಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಏರ್ ಫಿಲ್ಟರ್ ಸ್ಪಂಜಿನದಾದರೆ ತೊಳೆದು ಒಣಗಿಸಿ ಹಾಕಬಹುದು. ಕಾಗದದ್ದಾದರೆ ಹೊಸದು ಹಾಕಿಸಿ. ವಾಲ್ವ್ ತೆರೆಯುವ ಟ್ಯಾಪೆಟ್ ಬಿಗಿಯಾಗಿದ್ದರೂ ವಾಲ್ವ್ ಕಾಯುತ್ತದೆ. ಟ್ಯಾಪೆಟ್ ಸದ್ದೇ ಬರಬಾರದೆಂದು ಬಿಗಿ ಮಾಡಿಸಬೇಡಿ, ಸ್ವಲ್ಪ ಟಿಕ್ ಟಿಕ್ ಇರಲಿ.

ಹಂತ 4: ಚೈನ್, ಬ್ರೇಕ್, ಟಯರ್

ಇವು ಇಂಜಿನ್ ಒಳಗಿನವಲ್ಲ, ಆದರೆ ಇಂಜಿನ್ ಎಷ್ಟು ದುಡಿಯಬೇಕು ಎಂದು ತೀರ್ಮಾನಿಸುವುದು ಇವೇ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ಕೆಲವು ಸುತ್ತು ಹೋಗಬೇಕು. ಬೇಗ ನಿಂತರೆ ಬ್ರೇಕ್ ಹಿಡಿಯುತ್ತಿದೆ. ಚೈನ್ 20ರಿಂದ 30 ಮಿಲಿಮೀಟರ್ ಸಡಿಲ ಇರಬೇಕು, ಹೆಚ್ಚಿನ ಚಿಕ್ಕ ಬೈಕ್‌ಗಳಿಗೆ ಇದು ಸರಿ. ಟಯರ್‌ನಲ್ಲಿ ಎಷ್ಟು ಗಾಳಿ ಇರಬೇಕು ಎಂದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲಿದೆ. ಬೇಸಿಗೆ ಎಂದು ಗಾಳಿ ಕಡಿಮೆ ಹಾಕಿಸುವುದು ತಪ್ಪು. ಮೆತ್ತಗಿರುವ ಟಯರ್ ತಾನೂ ಕಾಯುತ್ತದೆ, ಇಂಜಿನ್ನನ್ನೂ ಕಾಯಿಸುತ್ತದೆ.

ಹಂತ 5: ರೇಡಿಯೇಟರ್ ಇದ್ದರೆ

ಎನ್‌ಎಸ್ 200, ಡ್ಯೂಕ್, ಆರ್15 ಥರದ ಲಿಕ್ವಿಡ್ ಕೂಲ್ಡ್ ಬೈಕ್ ನಿಮ್ಮದಾದರೆ ಕೂಲಂಟ್ (ಇಂಜಿನ್ ತಣಿಸುವ ದ್ರವ) ನೋಡಿ. ಇಂಜಿನ್ ತಣ್ಣಗಿರುವಾಗ ರಿಸರ್ವ್ ಟ್ಯಾಂಕ್‌ನಲ್ಲಿ ಅದು ಲೋ ಮತ್ತು ಫುಲ್ ಗೆರೆಗಳ ನಡುವೆ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಬರೀ ತುಂಬಿಸುತ್ತಾ ಕೂರಬೇಡಿ.

ಬೋರ್‌ವೆಲ್ ನೀರು ಹಾಕಲೇಬೇಡಿ. ನಮ್ಮ ಭಾಗದ ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ವಾ? ಅದೇ ಪೊರೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ಅದು ಸಾಮಾನ್ಯವಾಗಿ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸೇರಿದ್ದು. ಬೇರೆ ಬೇರೆ ಬಗೆಯನ್ನು ಬೆರೆಸಬೇಡಿ.

ರೇಡಿಯೇಟರ್ ಕ್ಯಾಪ್ ಕೆಲಸ ಮಾಡುವುದು ಕುಕ್ಕರ್ ಮುಚ್ಚಳದ ಹಾಗೆ. ಒಳಗೆ ಒತ್ತಡ ಇರುವುದರಿಂದ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿ ಇರುವಾಗ ಕ್ಯಾಪ್ ತೆಗೆದರೆ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಕನಿಷ್ಠ ಒಂದು ಗಂಟೆ ಬಿಡಿ. ರೇಡಿಯೇಟರ್ ಜಾಲರಿಯಲ್ಲಿ ಸಿಕ್ಕ ಹುಳ, ಮಣ್ಣನ್ನು ಮೆಲ್ಲಗೆ ಬೀಳುವ ನೀರಿನಿಂದ ತೊಳೆಯಿರಿ. ಪ್ರೆಷರ್ ಪೈಪ್ ಹಿಡಿದರೆ ಜಾಲರಿ ಮಡಚಿಹೋಗುತ್ತದೆ. ಕೊನೆಗೆ ಬೈಕ್ ನಿಲ್ಲಿಸಿಕೊಂಡೇ ಇಂಜಿನ್ ಓಡಿಸಿ ಫ್ಯಾನ್ ತಿರುಗುತ್ತದೆಯೇ ಎಂದು ಕಣ್ಣಾರೆ ನೋಡಿ. ಟೆಂಪರೇಚರ್ ಕಡ್ಡಿ ಏರುತ್ತಲೇ ಹೋಗಿ ಫ್ಯಾನ್ ಬಾರದಿದ್ದರೆ ಆಫ್ ಮಾಡಿ, ಫ್ಯೂಸ್ ನೋಡಿಸಿ.

ಹಂತ 6: ಓಡಿಸುವಾಗ

ಏರ್ ಕೂಲ್ಡ್ ಬೈಕಿಗೆ ಫ್ಯಾನ್ ಇಲ್ಲ. ಓಡಿದರೆ ಮಾತ್ರ ಗಾಳಿ. ಅದಕ್ಕೇ ಜೇವರ್ಗಿ ರಸ್ತೆಯ 42 ಡಿಗ್ರಿಯಲ್ಲಿ 50ರ ವೇಗದಲ್ಲಿ ಹೋಗುವುದಕ್ಕಿಂತ, ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಸಂಜೆ ಹೊತ್ತು ತೆವಳುವುದು ಇಂಜಿನ್‌ಗೆ ಹೆಚ್ಚು ಕಷ್ಟ. ಸಿಗ್ನಲ್‌ನಲ್ಲಿ ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾದರೆ ಆಫ್ ಮಾಡಿ. ಹಾಫ್ ಕ್ಲಚ್‌ನಲ್ಲಿ ತೆವಳಬೇಡಿ. ಮುಂದೆ ಜಾಗ ಆಗುವವರೆಗೆ ನಿಂತು, ಆಮೇಲೆ ಕ್ಲಚ್ ಪೂರ್ತಿ ಬಿಟ್ಟು ಫಸ್ಟ್ ಗೇರ್‌ನಲ್ಲಿ ಹೋಗಿ.

ಟಾಪ್ ಗೇರ್‌ನಲ್ಲಿ 25ಕ್ಕೆ ಇಳಿದು ಇಂಜಿನ್ ಗುಡುಗುತ್ತಿದ್ದರೂ ಗೇರ್ ಇಳಿಸದವರು ಬಹಳ. ಮೈಲೇಜ್ ಉಳಿಯುತ್ತದೆ ಎಂಬ ನಂಬಿಕೆ. ಆ ಗುಡುಗು ಇಂಜಿನ್ ಒದ್ದಾಡುವ ಸದ್ದು. ಆಗುಂಬೆಯ 14 ತಿರುವುಗಳನ್ನು ಇಬ್ಬರು ಕೂತು ಹತ್ತುವಾಗ ಸೆಕೆಂಡ್ ಗೇರ್ ಕೇಳಿದರೆ ಸೆಕೆಂಡ್ ಕೊಡಿ. ಹತ್ತಿದ ಮೇಲೆ ಹತ್ತು ನಿಮಿಷ ನಿಲ್ಲಿ.

ದೂರದ ದಾರಿಗೆ ಬೆಳಿಗ್ಗೆ 5ಕ್ಕೆ ಹೊರಟು 10ರೊಳಗೆ ಮುಟ್ಟುವ ಹಾಗೆ ನೋಡಿಕೊಳ್ಳಿ. ಕಲಬುರಗಿಯಿಂದ ವಿಜಯಪುರಕ್ಕೆ ಹೋಗುವಾಗ ನಾನು ಜೇವರ್ಗಿ, ಸಿಂದಗಿ ಎರಡೂ ಕಡೆ ಕಾಲು ಗಂಟೆ ನಿಲ್ಲುತ್ತೇನೆ. ಬೇವಿನ ಮರದ ನೆರಳು ಸಿಕ್ಕರೆ ನಡುವೆ ಇನ್ನೊಮ್ಮೆ. ನಿಲ್ಲಿಸುವಾಗ ಒಣ ಹುಲ್ಲು, ಹೊಟ್ಟಿನ ಮೇಲೆ ಬೈಕ್ ನಿಲ್ಲಿಸಬೇಡಿ, ಬಿಸಿ ಸೈಲೆನ್ಸರ್ ತಾಗಿದರೆ ಬೆಂಕಿ ಹತ್ತುತ್ತದೆ. ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಿದರೆ ಸ್ಫೋಟವಾಗುತ್ತದೆ ಎಂಬ ವಾಟ್ಸ್ಆ್ಯಪ್ ಸುದ್ದಿಯನ್ನು ನಂಬಬೇಡಿ. ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ, ಅದಕ್ಕೆ ಮುಚ್ಚಳದವರೆಗೆ ತುಂಬಿಸದೆ ಸ್ವಲ್ಪ ಜಾಗ ಬಿಟ್ಟರೆ ಸಾಕು.

ದಾರಿಯಲ್ಲೇ ಹೀಟ್ ಆದರೆ

ಇಂಜಿನ್ ಮೊದಲೇ ಹೇಳುತ್ತದೆ. ಎಳೆತ ಕಡಿಮೆಯಾಗುತ್ತದೆ. ಏರಿನಲ್ಲಿ ಕಟಕಟ ಸದ್ದು ಬರುತ್ತದೆ. ಗೇರ್ ಬಿಗಿಯಾಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಸುಟ್ಟ ಆಯಿಲ್ ವಾಸನೆ ಮೂಗಿಗೆ ಬಡಿಯುತ್ತದೆ. ಇದರಲ್ಲಿ ಯಾವುದು ಕಂಡರೂ ಎಕ್ಸಲರೇಟರ್ ಇಳಿಸಿ, ನೆರಳು ನೋಡಿ ನಿಲ್ಲಿಸಿ. ಊರು ಇನ್ನೈದೇ ಕಿಲೋಮೀಟರ್ ಎಂದು ನಾನು ಮುಂದೆ ಹೋಗಿದ್ದೆ. ನೀವು ಹೋಗಬೇಡಿ.

ಚಕ್ರ ಹಿಡಿದುಕೊಂಡ ಹಾಗೆ ಅನಿಸಿದರೆ ಆ ಕ್ಷಣವೇ ಕ್ಲಚ್ ಹಿಡಿಯಿರಿ. ಇಂಜಿನ್ ಜಾಮ್ ಆಗಿದ್ದರೂ ಚಕ್ರ ಬಿಡುಗಡೆಯಾಗುತ್ತದೆ, ಬೈಕ್ ಉರುಳುತ್ತಾ ಬದಿಗೆ ಬರುತ್ತದೆ. ಇದೊಂದನ್ನು ಮನೆಯ ಹುಡುಗರಿಗೂ ಹೇಳಿಕೊಡಿ, ಜೀವದ ಮಾತು.

ಕಾದ ಇಂಜಿನ್ ಮೇಲೆ ನೀರು ಸುರಿಯಬೇಡಿ. ಒಲೆಯ ಮೇಲಿನ ಕಾದ ಹೆಂಚಿಗೆ ತಣ್ಣೀರು ಹಾಕಿದರೆ ಏನಾಗುತ್ತದೆ ಎಂದು ಗೊತ್ತಲ್ಲ. ಒಂದು ಕಡೆ ಒಮ್ಮೆಲೇ ಕುಗ್ಗಿ ಹೆಡ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಆ ನೀರನ್ನು ನೀವು ಕುಡಿಯಿರಿ.

ಅರ್ಧ ಗಂಟೆಯಾದರೂ ಬಿಡಿ. ಆಮೇಲೆ ಆಯಿಲ್ ನೋಡಿ. ಕಡಿಮೆ ಇದ್ದರೆ ತುಂಬಿಸದೆ ಸ್ಟಾರ್ಟ್ ಮಾಡಬೇಡಿ. ಇದಕ್ಕೇ ನಾನು ಸೈಡ್ ಬಾಕ್ಸ್‌ನಲ್ಲಿ ಅರ್ಧ ಲೀಟರ್ ಆಯಿಲ್ ಇಟ್ಟಿರುತ್ತೇನೆ. ನಂತರ ಇಗ್ನಿಷನ್ ಆಫ್ ಇಟ್ಟುಕೊಂಡೇ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ. ಸಲೀಸಾಗಿ ಇಳಿದರೆ ಸ್ಟಾರ್ಟ್ ಮಾಡಿ, 40 ದಾಟದೆ ಹತ್ತಿರದ ಮೆಕ್ಯಾನಿಕ್ ತನಕ ಹೋಗಬಹುದು. ಅಲ್ಲಾಡದಿದ್ದರೆ ಬಲ ಹಾಕಬೇಡಿ, ಗಾಡಿ ಮೇಲೆ ಹಾಕಿಸಿಕೊಂಡು ಹೋಗಿ. ಒದ್ದು ಒದ್ದು ತಿರುಗಿಸಿದರೆ ಪಿಸ್ಟನ್ ಜೊತೆ ಸಿಲಿಂಡರ್‌ಗೂ ಗೀರು ಬೀಳುತ್ತದೆ.

ಒಮ್ಮೆ ಹೀಗೆ ಕಾದ ಬೈಕ್ ಮರುದಿನ ಚೆನ್ನಾಗೇ ಓಡಿದರೂ ಆಯಿಲ್ ಬದಲಿಸಿ, ಹಿಂದಿನ ವಾರವೇ ಹಾಕಿಸಿದ್ದಾಗಿದ್ದರೂ ಸರಿ. ಪ್ಲಗ್ ಬಿಚ್ಚಿಸಿ ನೋಡಿ. ಹೆಡ್ ಮತ್ತು ಸಿಲಿಂಡರ್ ಕೂಡುವ ಜಾಗದಲ್ಲಿ ಆಯಿಲ್ ಜಿನುಗುತ್ತಿದೆಯೇ, ಬೆಳಗಿನ ಮೊದಲ ಸ್ಟಾರ್ಟ್‌ಗೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದೆಯೇ ಎಂದು ಒಂದು ವಾರ ಗಮನಿಸಿ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದರೆ ಮೊದಲ 500 ಕಿಲೋಮೀಟರ್ 45ರ ಮೇಲೆ ಹೋಗಬೇಡಿ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಓಡಿಸಿ, 500 ಆದ ಕೂಡಲೇ ಆ ಆಯಿಲ್ ತೆಗೆಸಿ ಹೊಸದು ಹಾಕಿಸಿ.